'ಖರಾಬ್ ಅದ' ಎಂದು ಬರೆದ ಪಟ್ಟಿಗೆ ತಾರೀಖು ಇರಲಿ: ನಮ್ಮ ಆರೋಗ್ಯ ರಕ್ಷಾ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿ ಸದಸ್ಯರಿಗೆ ನಮಸ್ಕಾರಗಳು.

ನಾನು ಆಸ್ಪತ್ರೆಯ ಮಷೀನುಗಳನ್ನು ರಿಪೇರಿ ಮಾಡುವವನು. ಕಾರ್ಡಿನ ಮೇಲೆ ಬಯೋಮೆಡಿಕಲ್ ಟೆಕ್ನಿಷಿಯನ್ ಎಂದಿದೆ. ದವಾಖಾನೆಗೆ ಹೋದರೆ 'ಮಷೀನಿನೋರು ಬಂದ್ರು' ಅಂತಾರೆ. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ, ಆಚೆ ಶಹಾಪುರ, ಸುರಪುರ, ಈಚೆ ಹುಮನಾಬಾದ್, ಔರಾದ್, ಹೀಗೆ ಟೂಲ್ ಬ್ಯಾಗ್ ಹಿಡಿದು ಬಸ್ಸಿನಲ್ಲಿ 20 ವರ್ಷ ಓಡಾಡಿದ್ದೇನೆ. ಸರ್ಕಾರಿ ನೌಕರ ಅಲ್ಲ, ಯಾವ ಕಂಪನಿಯ ಏಜೆಂಟೂ ಅಲ್ಲ. ಈ ಪತ್ರದಿಂದ ನನಗೆ ಆಗಬೇಕಾದ್ದು ಏನೂ ಇಲ್ಲ. ನಿಜ ಹೇಳಬೇಕೆಂದರೆ, ನಾನು ಹೇಳಿದ್ದನ್ನು ನೀವು ಮಾಡಿದರೆ ನನಗೆ ಬರುವ ಕರೆಗಳೇ ಕಡಿಮೆ ಆಗಬಹುದು.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಭಾಗದ ಒಂದು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಹೆರಿಗೆ ಕೋಣೆಯ ಮೂಲೆಯಲ್ಲಿ ಒಂದು ರೇಡಿಯಂಟ್ ವಾರ್ಮರ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಆಗತಾನೆ ಹುಟ್ಟಿದ ಕೂಸಿಗೆ ಮೇಲಿನಿಂದ ಶಾಖ ಕೊಡುವ ಮಷೀನ್ ಅದು. ಅದರ ಮೈಮೇಲೆ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿ, ನೀಲಿ ಪೆನ್ನಿನಲ್ಲಿ 'ಖರಾಬ್ ಅದ, ಹಚ್ಚಬ್ಯಾಡ್ರಿ' ಎಂದು ಬರೆದಿದ್ದರು.

"ಯಾವಾಗಿಂದ ಬಂದ್ ಅದ ಸಿಸ್ಟರ್?"

"ನಾ ಇಲ್ಲಿಗಿ ಬರೂಕಿಂತ ಮೊದ್ಲೇ ಹಿಂಗೇ ಅದರಿ."

"ಯಾರರ ನೋಡ್ಯಾರೇನು?"

"ಯಾರೋ ಬಂದಿದ್ರಂತ. ಸಾಮಾನು ಬರಬೇಕು ಅಂದಿದ್ರಂತ."

ಆ ಮಷೀನಿನ ಇಡೀ ಚರಿತ್ರೆ ಎರಡು 'ಅಂತ'ಗಳಲ್ಲಿ ಮುಗಿದುಹೋಯಿತು. ಬಿಚ್ಚಿ ನೋಡಿದೆ. ಹೀಟರ್ ಸರಿ ಇತ್ತು, ಬೋರ್ಡ್ ಸರಿ ಇತ್ತು. ಕೂಸಿನ ಹೊಟ್ಟೆಯ ಮೇಲೆ ಅಂಟಿಸಿ ಮೈಬಿಸಿ ಅಳೆಯುವ ಒಂದು ವೈರ್ ಇರುತ್ತದೆ, ಸ್ಕಿನ್ ಪ್ರೋಬ್ ಅಂತಾರೆ. ಅದು ಪಿನ್ನಿನ ಬುಡದಲ್ಲಿ ಒಳಗೊಳಗೇ ತುಂಡಾಗಿತ್ತು. ಮಷೀನಿನ ಬೆಲೆಯ ಮುಂದೆ ಆ ವೈರಿನ ಬೆಲೆ ಲೆಕ್ಕಕ್ಕೇ ಬಾರದು. ನನ್ನ ಬ್ಯಾಗಿನಲ್ಲಿದ್ದ ಬೇರೆ ಪ್ರೋಬ್ ಹಾಕಿದೆ, 10 ನಿಮಿಷದಲ್ಲಿ ಮಷೀನ್ ಎದ್ದು ಕೂತಿತು. ಎಲ್ಲರಿಗೂ ಖುಷಿ. ಚಹಾ ಕೂಡ ಬಂತು.

ಆ ರಾತ್ರಿ ಮನೆಗೆ ಬಂದು ನನ್ನ ಹಳೆಯ ಡೈರಿ ತೆಗೆದೆ. ಸೂಪರ್ ಮಾರ್ಕೆಟ್ ಹತ್ತಿರ ಕೊಳ್ಳುವ 200 ಪುಟದ ನೋಟ್‌ಬುಕ್ಕುಗಳು ಅವು. ಎಲ್ಲಿಗೆ ಹೋದೆ, ಏನು ಕೆಟ್ಟಿತ್ತು, ಏನು ಹಾಕಿದೆ, ಯಾರು ಹಣ ಕೊಡಬೇಕು ಅಂತ ಬರೆಯುತ್ತೇನೆ. ಕೊನೆಯದಕ್ಕಾಗಿಯೇ ಬರೆಯಲು ಶುರು ಮಾಡಿದ್ದು ಅನ್ನಿ. ತಿರುವುತ್ತ ಹೋದಾಗ ಮೂರು ವರ್ಷದ ಹಿಂದಿನ ಒಂದು ಸಾಲು ಸಿಕ್ಕಿತು. ಅದೇ ಆಸ್ಪತ್ರೆ, ಅದೇ ವಾರ್ಮರ್. 'ಪ್ರೋಬ್ ಹೋಗಿದೆ. ಹೊಸದು ತರಿಸಲು ಹೇಳಿದ್ದೇನೆ.' ನನ್ನದೇ ಅಕ್ಷರ.

ಅಂದರೆ ಸಿಸ್ಟರ್ ಹೇಳಿದ ಆ 'ಯಾರೋ' ನಾನೇ. ಹೇಳಿದೆ, ಬಂದೆ. ಯಾರಿಗೆ ಹೇಳಿದೆನೋ ಅವರಿಗೆ ವರ್ಗ ಆಯಿತೋ ಏನೋ. ಕೊಟ್ಟ ಚೀಟಿ ಎಲ್ಲಿಗೆ ಹೋಯಿತೋ. ಒಂದು ವೈರಿಗಾಗಿ ಮೂರು ವರ್ಷ ಒಂದು ವಾರ್ಮರ್ ಗೋಡೆ ನೋಡುತ್ತ ನಿಂತಿತು. ಆ ಮೂರು ವರ್ಷದಲ್ಲಿ ಅಲ್ಲಿ ಎಷ್ಟು ಹೆರಿಗೆ ಆಗಿರಬಹುದು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಹಾಕಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಈ ಪತ್ರ ಮಂತ್ರಿಗಳಿಗೆ ಯಾಕೆ ಬರೆಯಲಿಲ್ಲ, ನಿಮಗೇ ಯಾಕೆ ಎಂದು ಕೇಳಬಹುದು. ಆ ವೈರ್ ಕೊಳ್ಳಲು ಮಂತ್ರಿ ಬೇಕಿರಲಿಲ್ಲ. ಬಳಕೆದಾರರ ಶುಲ್ಕ, ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಬರುವ ಕೈಖರ್ಚಿನ ಅನುದಾನ ನಿಮ್ಮ ಸಮಿತಿಯ ಖಾತೆಗೇ ಬರುತ್ತದೆ. ಸಣ್ಣ ರಿಪೇರಿಗೆ ಅದರಲ್ಲಿ ದಾರಿ ಇದೆ. ಜನಪ್ರತಿನಿಧಿಗಳು, ವೈದ್ಯಾಧಿಕಾರಿಗಳು, ಊರಿನ ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂರುವ ಜಾಗವೂ ಅದೊಂದೇ. ಸಭೆಯಲ್ಲಿ ಬಣ್ಣ, ಬೋರ್‌ವೆಲ್, ಕಾಂಪೌಂಡು ಎಲ್ಲ ಚರ್ಚೆ ಆಗುತ್ತವೆ. ಮಷೀನಿನ ಮಾತು ಬಂದರೆ ಅದು 'ಹೊಸದು ಬೇಕು' ಎಂಬ ಮಾತು ಮಾತ್ರ. ಇದ್ದದ್ದು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರಿಸಲು ಕೈಯಲ್ಲಿ ಕಾಗದ ಇರುವುದಿಲ್ಲ.

ದಾಖಲೆ ಅಂದ ಕೂಡಲೇ ಅದು ಆಡಿಟ್‌ನವರಿಗಾಗಿ ತುಂಬುವ ರಿಜಿಸ್ಟರ್ ಎಂದು ಎಲ್ಲರಿಗೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಅದು ಬದಲಾದದ್ದು ಒಂದು ಬೋರ್ಡಿನಿಂದ. ಸ್ವಲ್ಪ ಉದ್ದದ ಕತೆ, ಆದರೂ ಹೇಳುತ್ತೇನೆ.

ಇನ್ನೊಂದು ಊರು, ಚಿಕ್ಕ ಆಸ್ಪತ್ರೆ. ಅಲ್ಲಿ ಪೇಷಂಟ್ ಮಾನಿಟರಿನ ಪವರ್ ಸಪ್ಲೈ ಬೋರ್ಡ್ ಸುಟ್ಟಿತ್ತು. ಬದಲಿಸಿದೆ. ಮುಂದಿನ ವರ್ಷ ಮತ್ತೆ ಸುಟ್ಟಿತು. ಬದಲಿಸಿದೆ. 'ಕಂಪನಿ ಮಾಲೇ ಸುಮಾರಿಂದು' ಎಂದು ಡಾಕ್ಟರು ಬೈದರು. ನಾನೂ ಹೂಂ ಅಂದೆ. ಮೂರನೇ ಸಲ ಹೋದಾಗ ಬೋರ್ಡ್ ಕೊರಿಯರ್‌ನಲ್ಲಿ ತಡವಾಯಿತು. ಕೂತು ಬೇಜಾರಾಗಿ ಸುಮ್ನೆ ಹಳೆಯ ಡೈರಿ ತಿರುವಿದೆ. ಮೊದಲ ಸಲ ಏಪ್ರಿಲ್. ಎರಡನೇ ಸಲ ಮೇ. ಈಗ ಮತ್ತೆ ಏಪ್ರಿಲ್. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಕೆಟ್ಟದ್ದೂ ಒಂದು ಮೇ ತಿಂಗಳಲ್ಲೇ. ಮಳೆಗಾಲ, ಚಳಿಗಾಲದ ಪುಟಗಳಲ್ಲಿ ಆ ಆಸ್ಪತ್ರೆಯ ಹೆಸರೇ ಇಲ್ಲ.

ಬಿಸಿಲು ಕಾರಣ ಎಂದೇ ಮೊದಲು ಅಂದುಕೊಂಡೆ. ನಮ್ಮ ಕಡೆ ಮೇ ತಿಂಗಳಲ್ಲಿ 43 ಡಿಗ್ರಿ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆ ಕೋಣೆಯಲ್ಲಿ ಎಸಿ ಇತ್ತು. ಮಲ್ಟಿಮೀಟರ್ ತೆಗೆದು ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿದೆ. ಎರಡು ಮೂರು ವೋಲ್ಟ್ ಒಳಗೆ ಇರಬೇಕಾದದ್ದು 20 ದಾಟಿತ್ತು. ಹೊರಗೆ ಹೋಗಿ ಅರ್ಥಿಂಗ್ ಗುಂಡಿ ಹುಡುಕಿದೆವು. ಅದರ ಮೇಲೆ ಯಾರದೋ ಬೈಕು ನಿಂತಿತ್ತು, ಸರಿಸಿದೆವು. ಎರೆ ನೆಲ. ಬೇಸಿಗೆಯಲ್ಲಿ ಎರೆ ಹೇಗೆ ಬಾಯಿ ಬಿಡುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಣ್ಣು ಒಣಗಿ, ಬಿರಿದು, ಅರ್ಥ್ ಪೈಪಿನಿಂದ ಬೆರಳು ತೂರುವಷ್ಟು ದೂರ ಸರಿದಿತ್ತು.

ಕರೆಂಟ್ ಹೋಗಿ ಬರುವಾಗ ಒಂದು ಏಟು ಬರುತ್ತದೆ. ಆ ಏಟನ್ನು ಭೂಮಿಗೆ ದಾಟಿಸಲು ಸ್ಟೆಬಿಲೈಜರ್‌ನಲ್ಲಿ, ಮಷೀನಿನಲ್ಲಿ ಸಣ್ಣ ಭಾಗಗಳಿರುತ್ತವೆ. ಅರ್ಥಿಂಗೇ ಇಲ್ಲದಿದ್ದರೆ ದಾಟಿಸುವುದು ಎಲ್ಲಿಗೆ? ಬೋರ್ಡಿಗೆ. ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿಸಿದೆವು. ಬೇಸಿಗೆ ಪೂರ್ತಿ ದಿನಾ ಎರಡು ಕೊಡ ನೀರು ಹಾಕಲು ಅಲ್ಲಿಯ ಗ್ರೂಪ್ ಡಿ ಅಣ್ಣನಿಗೆ ಹೇಳಿದೆವು. ಆಮೇಲೆ ಆ ಮಾನಿಟರಿನ ಬೋರ್ಡ್ ಸುಡಲಿಲ್ಲ. ಸುಟ್ಟ ಮೂರು ಬೋರ್ಡುಗಳ ಬೆಲೆ ಒಂದು ಕಡೆ, ಎರಡು ಕೊಡ ನೀರು ಒಂದು ಕಡೆ.

ಡಾಕ್ಟರಿಗೂ ಹೊಳೆಯದ, ಕಂಪನಿಗೂ ಹೊಳೆಯದ, ಮೂರು ಸಲ ಬೋರ್ಡ್ ಬದಲಿಸಿದ ನನಗೂ ಹೊಳೆಯದ ಕಾರಣ ಮೂರು ತಾರೀಖುಗಳಲ್ಲಿ ಇತ್ತು. ಒಂದೊಂದೇ ನೋಡಿದರೆ ಏನೂ ಕಾಣುವುದಿಲ್ಲ. ಒಂದೇ ಪುಟದಲ್ಲಿ ಒಂದರ ಕೆಳಗೆ ಒಂದು ಬಂದಾಗ ಕಂಡಿತು. ಆದರೆ ನೋಡಿ, ಆ ಪುಟ ಇದ್ದದ್ದು ನನ್ನ ಬ್ಯಾಗಿನಲ್ಲಿ. ಆಸ್ಪತ್ರೆಯ ಕಪಾಟಿನಲ್ಲಿ ಇರಲಿಲ್ಲ. ನಾನು ಆ ದಿನ ಬಸ್ ತಪ್ಪಿಸಿಕೊಂಡು ಬೇರೆ ಯಾರೋ ಹೋಗಿದ್ದರೆ ನಾಲ್ಕನೇ ಬೋರ್ಡ್ ಬರುತ್ತಿತ್ತು.

ಲೆಕ್ಕ ಇಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಬಸವಣ್ಣ ಕಲ್ಯಾಣದಲ್ಲಿ ಭಂಡಾರಿ ಆಗಿದ್ದವರು. ಅಷ್ಟು ಹಿಂದೆ ಯಾಕೆ, ಇವತ್ತು ಬೆಳಿಗ್ಗೆ ಕಲಬುರಗಿ ಗಂಜ್‌ಗೆ ಹೋಗಿ ನೋಡಿ. ಅಡತಿ ಅಂಗಡಿಯಲ್ಲಿ ಯಾವ ಊರಿನ ಯಾರ ತೊಗರಿ, ಎಷ್ಟು ಚೀಲ, ಎಷ್ಟು ತೂಕ, ಹಮಾಲಿ ಎಷ್ಟು, ಎಲ್ಲ ಸಂಜೆಯೊಳಗೆ ಪುಸ್ತಕಕ್ಕೆ ಏರಿರುತ್ತದೆ. ಒಂದು ಚೀಲ ಹೆಚ್ಚು ಕಡಿಮೆ ಆದರೆ ರೈತ ಬಿಡುತ್ತಾನಾ? ಲಕ್ಷಗಟ್ಟಲೆ ಬೆಲೆಯ ಎಕ್ಸ್‌ರೇ ಮಷೀನಿಗೆ ಆ ಒಂದು ಚೀಲ ತೊಗರಿಯ ಮರ್ಯಾದೆಯೂ ಇಲ್ಲ.

ಇದು ನಮ್ಮ ಭಾಗದ ಕತೆ ಮಾತ್ರ ಅಲ್ಲ. 2015ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಬಯೋಮೆಡಿಕಲ್ ಉಪಕರಣಗಳ ನಿರ್ವಹಣೆಗೆಂದೇ ಒಂದು ಕಾರ್ಯಕ್ರಮ ತಂದಿತು. ಅದಕ್ಕಾಗಿ ದೇಶದ 29,115 ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಷೀನುಗಳನ್ನು ಎಣಿಸಿದರು. 7,56,750 ಸಿಕ್ಕವು. ಬೆಲೆ ಸುಮಾರು 4,564 ಕೋಟಿ ರೂಪಾಯಿ. ಅವುಗಳಲ್ಲಿ ಶೇ. 13ರಿಂದ 34ರವರೆಗೆ ಕೆಲಸ ಮಾಡುತ್ತಿರಲಿಲ್ಲ. ಎಣಿಸುವವರೆಗೆ ಯಾರಿಗೂ ಇದು ಗೊತ್ತಿರಲಿಲ್ಲ ಅನ್ನುವುದೇ ನನಗೆ ದೊಡ್ಡ ಸುದ್ದಿ.

ಆ ಕಾರ್ಯಕ್ರಮ ಒಂದು ಗುರಿ ಇಟ್ಟಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮಷೀನುಗಳು ಶೇ. 95ರಷ್ಟು ಹೊತ್ತು ನಡೆಯಬೇಕು. ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ. 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ. 80. ಶೇಕಡಾ ಅಂದರೆ ನಮ್ಮಂಥವರಿಗೆ ಬೇಗ ಹತ್ತುವುದಿಲ್ಲ, ದಿನದ ಲೆಕ್ಕ ಹಾಕೋಣ. ಶೇ. 95 ಅಂದರೆ ವರ್ಷಕ್ಕೆ 18 ದಿನ ಬಂದ್ ಇರಬಹುದು. ಶೇ. 90 ಅಂದರೆ 36 ದಿನ. ಶೇ. 80 ಅಂದರೆ 73 ದಿನ. ನಿಮ್ಮ ಆಸ್ಪತ್ರೆಯ ಎಕ್ಸ್‌ರೇ ಹೋದ ವರ್ಷ ಎಷ್ಟು ದಿನ ಬಂದ್ ಇತ್ತು? ಮುಂದಿನ ಸಭೆಯಲ್ಲಿ ಇದೊಂದೇ ಪ್ರಶ್ನೆ ಕೇಳಿ ನೋಡಿ. ಯಾರಾದರೂ ಕಾಗದ ನೋಡಿ ಉತ್ತರ ಹೇಳಿದರೆ ನಾನು ಈ ಪತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ಉತ್ತರ ಬಂದರೂ ಹುಷಾರು. ಶೇಕಡಾವಾರಿನಲ್ಲಿ ಒಂದು ಮೋಸ ಇದೆ. ಒಂದು ಆಸ್ಪತ್ರೆಯಲ್ಲಿ 100 ಮಷೀನ್ ಇವೆ, 95 ನಡೆಯುತ್ತಿವೆ ಅನ್ನಿ. ಗುರಿ ಮುಟ್ಟಿದಂತೆ ಕಾಣುತ್ತದೆ. ಆದರೆ ಆ 95ರಲ್ಲಿ ಬಿಪಿ ನೋಡುವುದು, ತೂಕದ ಕಾಟಾ, ನೆಬುಲೈಜರ್ ಎಲ್ಲ ಸೇರಿವೆ. ಬಂದ್ ಬಿದ್ದ ಐದರಲ್ಲಿ ಇದ್ದೊಂದು ಎಕ್ಸ್‌ರೇ, ಇದ್ದೊಂದು ಡೀಫಿಬ್ರಿಲೇಟರ್ ಇದ್ದರೆ? ಕಾಟಾ ಕೆಟ್ಟರೆ ಪಕ್ಕದ ಕೋಣೆಯದು ತಂದರಾಯಿತು. ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಆ ಡೀಫಿಬ್ರಿಲೇಟರಿಗೆ ಪಕ್ಕದ ಕೋಣೆ ಇಲ್ಲ. ಈ ತಾರತಮ್ಯ ನಮ್ಮ ಕಸುಬಿನಲ್ಲಿ ಹಳೆಯದು. 1989ರಲ್ಲೇ ಅಮೆರಿಕದಲ್ಲಿ ಫೆನಿಗ್ಕೋ ಮತ್ತು ಸ್ಮಿತ್ ಎಂಬ ಇಬ್ಬರು ಪ್ರತಿ ಮಷೀನಿಗೂ ಅಂಕ ಕೊಡುವ ಒಂದು ಕ್ರಮ ಹೇಳಿದರು. ಅದು ಮಾಡುವ ಕೆಲಸ ಎಷ್ಟು ಮುಖ್ಯ, ಕೆಟ್ಟರೆ ರೋಗಿಗೆ ಎಷ್ಟು ಅಪಾಯ, ಎಷ್ಟು ಆರೈಕೆ ಬೇಡುತ್ತದೆ, ಈ ಮೂರನ್ನೂ ಕೂಡಿಸುವುದು. ಮೊತ್ತ 12 ಅಥವಾ ಮೇಲೆ ಬಂದರೆ ಅದಕ್ಕೆ ನಿಗದಿಯಾಗಿ ಸರ್ವಿಸ್ ಆಗಲೇಬೇಕು. ಆಮೇಲೆ ಇದನ್ನು ತಿದ್ದಿದವರು ಬಹಳ ಜನ. ನಮಗೆ ಅಂಕಗಣಿತವೂ ಬೇಡ. ಆಸ್ಪತ್ರೆಯಲ್ಲಿ ಯಾವ 10 ಮಷೀನ್ ನಿಂತರೆ ಜೀವಕ್ಕೆ ಕುತ್ತು ಎಂದು ಅಲ್ಲಿಯ ಹಿರಿಯ ಸಿಸ್ಟರ್ ಒಬ್ಬರನ್ನು ಕೇಳಿ. ಐದು ನಿಮಿಷದಲ್ಲಿ ಪಟ್ಟಿ ಕೊಡುತ್ತಾರೆ. ಅಲ್ಲಿಂದ ಶುರು ಮಾಡಬಹುದು.

ಏನು ಬರೆಯಬೇಕು? ಜಾಸ್ತಿ ಏನಿಲ್ಲ. ಪ್ರತಿ ಮಷೀನಿಗೆ ಒಂದು ನಂಬರ್, ಒಂದು ಪುಟ. ಮೇಲ್ಗಡೆ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಕೂಡಿಸಿದ ದಿನ, ವಾರಂಟಿ ಮುಗಿಯುವ ದಿನ. ಕೆಳಗೆ ಸಾಲುಗಳು. ಕೆಟ್ಟ ದಿನ ಮತ್ತು ಗಂಟೆ. ಯಾರಿಗೆ ಫೋನ್ ಮಾಡಿದರು. ಯಾರು ಯಾವಾಗ ಬಂದರು. ಏನು ಸಿಕ್ಕಿತು, ಏನು ಹಾಕಿದರು, ಎಷ್ಟು ಖರ್ಚು. ಮತ್ತೆ ನಡೆದ ದಿನ ಮತ್ತು ಗಂಟೆ. ಮುಖ್ಯವಾದದ್ದು ಮೊದಲಿನ ಗಂಟೆ ಮತ್ತು ಕೊನೆಯ ಗಂಟೆ. ಜನ ಬಿಟ್ಟುಬಿಡುವುದೂ ಅವೆರಡನ್ನೇ. ನಾನು ನೋಡಿದ ರಿಜಿಸ್ಟರುಗಳಲ್ಲಿ ರಿಪೇರಿ ಆದ ದಿನ ಇರುತ್ತದೆ, ಕೆಟ್ಟ ದಿನ ಇರುವುದಿಲ್ಲ. ಮಗು ಹುಟ್ಟಿದ ದಿನ ಬಿಟ್ಟು ಹೆಸರಿಟ್ಟ ದಿನ ಮಾತ್ರ ಬರೆದಂತೆ.

ಆ ಎರಡು ಗಂಟೆಗಳಿಗೆ ಹಣದ ಬೆಲೆಯೂ ಇದೆ. ನಮ್ಮ ಕಡೆ ದೊಡ್ಡ ಮಷೀನ್ ಕೆಟ್ಟರೆ ಇಂಜಿನಿಯರ್ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ನಾಳೆ ಅನ್ನುತ್ತಾರೆ, ನಾಡಿದ್ದು ಅನ್ನುತ್ತಾರೆ. ಕರಾರು ಪತ್ರದಲ್ಲಿ ಇಷ್ಟು ಗಂಟೆಯೊಳಗೆ ಬರಬೇಕು, ತಡವಾದರೆ ದಂಡ ಎಂಬ ಷರತ್ತು ಎಷ್ಟೋ ಸಲ ಇರುತ್ತದೆ. ಯಾವಾಗ ಕೆಟ್ಟಿತು, ಯಾವಾಗ ಹೇಳಿದಿರಿ ಎಂಬುದೇ ಕಾಗದದ ಮೇಲೆ ಇಲ್ಲದಿದ್ದರೆ ದಂಡ ಯಾವ ಲೆಕ್ಕದಲ್ಲಿ ಹಾಕುತ್ತೀರಿ? ವಾರಂಟಿಯದೂ ಅದೇ ಕತೆ. ಕೂಡಿಸಿದ ದಿನ ಬರೆಯದೆ ಇದ್ದುದರಿಂದ, ವಾರಂಟಿ ಒಳಗಿದ್ದ ಮಷೀನಿಗೆ ಆಸ್ಪತ್ರೆಯೊಂದು ಹಣ ಕೊಟ್ಟು ರಿಪೇರಿ ಮಾಡಿಸಿದ್ದನ್ನು ನಾನೇ ನೋಡಿದ್ದೇನೆ. ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು), ಸಿಎಂಸಿ (ಸಮಗ್ರ ನಿರ್ವಹಣೆ ಕರಾರು) ಎರಡೂ ಒಂದೇ ಎಂದು ತಿಳಿದವರೂ ಇದ್ದಾರೆ. ಸಾಮಾನ್ಯವಾಗಿ ಎಎಂಸಿಯಲ್ಲಿ ಕೈಕೆಲಸ ಮಾತ್ರ, ಬಿಡಿಭಾಗಕ್ಕೆ ಬೇರೆ ಹಣ. ಸಿಎಂಸಿಯಲ್ಲಿ ಬಿಡಿಭಾಗವೂ ಸೇರಿರುತ್ತದೆ. ಯಾವುದು ನಿಮಗೆ ಲಾಭ ಎಂದು ತೀರ್ಮಾನಿಸಲು ಹಿಂದಿನ ಮೂರು ವರ್ಷ ಆ ಮಷೀನ್ ಎಷ್ಟು ತಿಂದಿತು ಎಂದು ಗೊತ್ತಿರಬೇಕು ಅಲ್ವಾ?

ಈಗ ಕಹಿ ಮಾತು. ರಿಜಿಸ್ಟರ್ ಇದ್ದರೂ ಯಾಕೆ ಖಾಲಿ ಇರುತ್ತದೆ? ಸಿಬ್ಬಂದಿ ಸೋಮಾರಿಗಳು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಒಬ್ಬ ಸಿಸ್ಟರ್ ನನಗೆ ನಿಜ ಹೇಳಿದರು. "ಬರದ್ರ ನಮ್ಮ ಮ್ಯಾಲೇ ಬರ್ತದ ನೋಡ್ರಿ. ನಿನ್ ಡ್ಯೂಟಿದಾಗ ಹ್ಯಾಂಗ ಕೆಡ್ತು ಅಂತಾರ." ಆಕೆಯ ಹಿಂದಿನ ಆಸ್ಪತ್ರೆಯಲ್ಲಿ ಒಡೆದ ಪ್ರೋಬ್ ಒಂದರ ಹಣವನ್ನು ಡ್ಯೂಟಿಯಲ್ಲಿದ್ದ ಮೂವರು ಹಂಚಿಕೊಂಡು ಕಟ್ಟಿದ್ದರಂತೆ. ಅಂಥ ಕಡೆ ಯಾರು ಪೆನ್ನು ಹಿಡಿಯುತ್ತಾರೆ? ಕೆಟ್ಟ ಮಷೀನನ್ನು ಸುಮ್ನೆ ಮೂಲೆಗೆ ತಳ್ಳಿ, ಪಟ್ಟಿ ಅಂಟಿಸಿ, ತಾರೀಖು ಹಾಕದೇ ಬಿಡುವುದೇ ಜಾಣತನ. ಆ ವಾರ್ಮರ್ ಮೇಲಿನ ಪಟ್ಟಿಯಲ್ಲಿ ತಾರೀಖು ಯಾಕಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ತಾರೀಖು ಹಾಕಿದರೆ ಡ್ಯೂಟಿ ಚಾರ್ಟ್ ನೋಡಿ ಹೆಸರು ಹಿಡಿಯಬಹುದು.

ಆದ್ದರಿಂದ ರಿಜಿಸ್ಟರ್ ಕೊಡುವ ಮೊದಲು ನಿಮ್ಮ ಸಮಿತಿ ಒಂದು ಮಾತು ಕೊಡಬೇಕು. ಕೆಟ್ಟದ್ದನ್ನು ಬರೆದವರ ಮೇಲೆ ವಸೂಲಿ ಇಲ್ಲ, ನೋಟಿಸ್ ಇಲ್ಲ. ಇದನ್ನು ಠರಾವಿನಲ್ಲೇ ಬರೆಯಿರಿ. ಬಳಸಲು ಬಾರದೇ ಕೆಟ್ಟಿದ್ದರೆ ಅದೂ ಪುಟದಲ್ಲಿ ಕಾಣಲಿ. ಒಂದೇ ವಾರ್ಡಿನಲ್ಲಿ ಇಸಿಜಿ ಕೇಬಲ್ ಮತ್ತೆ ಮತ್ತೆ ತುಂಡಾಗುತ್ತಿದ್ದರೆ ಅಲ್ಲಿಯವರಿಗೆ ಅರ್ಧ ದಿನದ ತರಬೇತಿ ಬೇಕು, ಇಲ್ಲವೇ ಕೇಬಲ್ ತೂಗುಹಾಕಲು ಒಂದು ಕೊಕ್ಕೆ ಬೇಕು. ನನ್ನ ಅನುಭವದಲ್ಲಿ ಕೊಕ್ಕೆಯೇ ಜಾಸ್ತಿ ಸಲ ಬೇಕಾದದ್ದು.

ನಮ್ಮ ಕಡೆಯ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ವರ್ಷಕ್ಕೆ ಇಷ್ಟು ಸಲ ಬಂದು ಮಷೀನ್ ತಪಾಸಣೆ ಮಾಡಬೇಕು ಎಂದು ಕರಾರು ಇರುತ್ತದೆ. ಬಂದವನು ಒಂದೇ ದಿನ ಎರಡು ಮೂರು ಭೇಟಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುವುದು ಉಂಟು. ಎಲ್ಲದರ ಮೇಲೂ ಒಂದೇ ಷರಾ, 'ಮಷೀನ್ ವರ್ಕಿಂಗ್ ಓಕೆ'. ಒಬ್ಬರ ಕೈಕೆಳಗೆ ದುಡಿಯುವಾಗ ನಾನೂ ಹಾಗೆ ಸಹಿ ಮಾಡಿಸಿದ್ದೇನೆ. ದಿನಕ್ಕೆ ಇಷ್ಟು ಕಡೆ ಮುಗಿಸು ಎಂಬ ಒತ್ತಡ ಇತ್ತು, ನಿಜ. ಆದರೂ ಮಾಡಿದ್ದು ಮಾಡಿದ್ದೇ. ಹಾಗಾಗಿ ಹೇಳುತ್ತೇನೆ, ಸುಳ್ಳು ದಾಖಲೆ ಹಿಡಿಯುವುದು ಕಷ್ಟವಲ್ಲ. ನಿಜವಾದ ತಪಾಸಣೆಯಲ್ಲಿ ಅಂಕಿ ಇರುತ್ತದೆ. ಸಲಕರಣೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಆದರೆ 121 ಡಿಗ್ರಿ ಮುಟ್ಟಿತೇ, ಎಷ್ಟು ನಿಮಿಷ ನಿಂತಿತು. ಸಕ್ಷನ್ ಮಷೀನ್ ಆದರೆ ಎಷ್ಟು ಎಳೆಯಿತು. 'ಓಕೆ' ಎಂದು ಬರೆಯಲು ಮಷೀನ್ ಚಾಲೂ ಮಾಡಬೇಕಾಗಿಲ್ಲ, ಅಂಕಿ ಬರೆಯಲು ಮಾಡಲೇಬೇಕು. ಅಂಕಿ ಇಲ್ಲದ ಕಾಗದಕ್ಕೆ ಸಹಿ ಬೇಡ, ಬಿಲ್ಲೂ ಬೇಡ. ಇದೊಂದು ನಿಯಮ ಮಾಡಿದರೆ ನನ್ನಂಥವರು ತಾವಾಗಿ ಸರಿದಾರಿಗೆ ಬರುತ್ತಾರೆ.

ಅಂಕಿ ಯಾಕೆ ಬೇಕು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಕೆಲವು ಮಷೀನ್ ಕೆಟ್ಟದ್ದು ಕಣ್ಣಿಗೆ ಕಾಣುವುದೇ ಇಲ್ಲ. ಕಾಮಾಲೆ ಆದ ಕೂಸನ್ನು ನೀಲಿ ಬೆಳಕಿನ ಕೆಳಗೆ ಇಡುತ್ತಾರಲ್ಲ, ಫೋಟೊಥೆರಪಿ. ಟ್ಯೂಬ್ ಹಳೆಯದಾದರೂ ನೀಲಿಯಾಗಿ ಉರಿಯುತ್ತಲೇ ಇರುತ್ತದೆ. ನೋಡಿದವರಿಗೆ ಎಲ್ಲ ಸರಿ. ಆದರೆ ಕಾಮಾಲೆ ಇಳಿಸುವ ಶಕ್ತಿ ಎಂದೋ ಕಡಿಮೆಯಾಗಿರುತ್ತದೆ. ಕೂಸು ಮೂರು ದಿನ ಮಲಗಿದರೂ ಬಿಲಿರುಬಿನ್ ಇಳಿಯುವುದಿಲ್ಲ. ತಾಯಿಗೆ ಭಯ, ಡಾಕ್ಟರಿಗೆ ಅನುಮಾನ, ಕೊನೆಗೆ ಸೋಲಾಪುರಕ್ಕೋ ಹೈದರಾಬಾದಿಗೋ ಗಾಡಿ. ಟ್ಯೂಬ್ ಎಷ್ಟು ಗಂಟೆ ಉರಿಯಿತು ಎಂದು ಬರೆದಿಟ್ಟಿದ್ದರೆ, ಕಂಪನಿ ಹೇಳಿದ ಗಂಟೆ ಮುಗಿದ ಕೂಡಲೇ ಬದಲಿಸಬಹುದಿತ್ತು. ಎಷ್ಟೋ ಮಷೀನುಗಳಲ್ಲಿ ಗಂಟೆ ತೋರಿಸುವ ಮೀಟರ್ ಇದೆ. ತಿಂಗಳಿಗೊಮ್ಮೆ ನೋಡಿ ಬರೆದರೆ ಸಾಕು.

ಆಕ್ಸಿಜನ್ ಕಾನ್ಸಂಟ್ರೇಟರ್‌ಗಳದು ಬೇರೆ ಕತೆ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಸರ್ಕಾರ, ದಾನಿಗಳು, ಕಂಪನಿಗಳು ಸೇರಿ ಹಳ್ಳಿಯ ಕೇಂದ್ರಗಳಿಗೂ ಕೊಟ್ಟರು. ಒಳ್ಳೆಯ ಕೆಲಸ. ಈಗ ಅವು ಎಲ್ಲಿವೆ? ಒಂದು ಕಡೆ ಸ್ಟೋರ್ ರೂಮಿನಲ್ಲಿ ಪ್ಲಾಸ್ಟಿಕ್ ಸಮೇತ ಸಿಕ್ಕಿತು. ಮೀಟರಿನಲ್ಲಿ 11 ಗಂಟೆ ಇತ್ತು. ಬಂದಾಗ ಡೆಮೋ ಮಾಡಿದ್ದು, ಅಷ್ಟೇ. ಅದರೊಳಗೆ ಗಾಳಿಯಿಂದ ನೈಟ್ರೋಜನ್ ಹಿಡಿದಿಡುವ ಜಿಯೋಲೈಟ್ ಎಂಬ ಹರಳು ಇರುತ್ತದೆ. ಮಷೀನ್ ನಡೆಸದೇ ಇಟ್ಟರೆ ಅದಕ್ಕೆ ತೇವ ಸೇರುತ್ತದೆ. ಆಮೇಲೆ ಚಾಲೂ ಮಾಡಿದರೆ ಗುಂಯ್ ಅನ್ನುತ್ತದೆ, ಗಾಳಿ ಬರುತ್ತದೆ, ಆಕ್ಸಿಜನ್ ಮಾತ್ರ ಬೇಕಾದಷ್ಟು ಇರುವುದಿಲ್ಲ. ಸರಿಯಿದ್ದ ಮಷೀನ್ ಶೇ. 90ಕ್ಕಿಂತ ಮೇಲೆ ಕೊಡಬೇಕು. ಶೇ. 82ಕ್ಕಿಂತ ಕೆಳಗೆ ಬಂದರೆ ಅದನ್ನು ರೋಗಿಗೆ ಹಚ್ಚುವ ಹಾಗಿಲ್ಲ. ಆಗಾಗ ನಡೆಸಿ, ಫಿಲ್ಟರ್ ತೊಳೆದು, ಆಕ್ಸಿಜನ್ ಅಳೆಯುವ ಅನಲೈಜರ್ ಹಿಡಿದು ಅಂಕಿ ಬರೆಯಬೇಕು. ತೊಗರಿ ರಾಶಿಯ ಧೂಳು ಏಳುವ ದಿನಗಳಲ್ಲಿ ಫಿಲ್ಟರ್ ಒಂದು ವಾರಕ್ಕೇ ಕಂಬಳಿಯಾಗುತ್ತದೆ.

ಡೀಫಿಬ್ರಿಲೇಟರ್ ಬ್ಯಾಟರಿ, ಇನ್‌ಫ್ಯೂಜನ್ ಪಂಪಿನ ಬ್ಯಾಟರಿ, ಯುಪಿಎಸ್, ಇವೂ ಇದೇ ಜಾತಿಯವು. ಕರೆಂಟ್ ಇರುವಾಗ ಎಲ್ಲ ಚೆಂದ. ಎಕ್ಸ್‌ರೇ ವಿಷಯದಲ್ಲಿ ಮಾತ್ರ ಕಾನೂನೇ ಇದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು, ಎರಡು ವರ್ಷಕ್ಕೊಮ್ಮೆ ಗುಣಮಟ್ಟದ ಪರೀಕ್ಷೆ ಆಗಬೇಕು. ಆ ಕಾಗದ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನು ಹೊಸ ಮಷೀನುಗಳ ಮಾತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಹಣ ಬರುತ್ತಿದೆ, ಇಲ್ಲ ಅನ್ನುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ನಮ್ಮ ಕಲಬುರಗಿಯಲ್ಲೇ ಇದೆ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಗಿವೆ. 2024ರ ಕೊನೆಗೆ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಶುರುವಾಯಿತು. ಎದೆನೋವು ಎಂದು ರಾತ್ರೋರಾತ್ರಿ ಹೈದರಾಬಾದಿಗೆ ಓಡುತ್ತಿದ್ದ ನಮ್ಮ ಮುತ್ಯಾ, ಆಯಿಗಳಿಗೆ ಇದು ಸಣ್ಣ ವಿಷಯವೇ? ಆದರೆ ರಿಬ್ಬನ್ ಕತ್ತರಿಸಿದ ದಿನದಿಂದ ಪ್ರತಿ ಮಷೀನಿಗೂ ವಯಸ್ಸು ಶುರು. ಖರೀದಿ ಬೆಲೆಯ ಶೇ. 5ರಿಂದ 10ರಷ್ಟು ಪ್ರತಿ ವರ್ಷ ನಿರ್ವಹಣೆಗೆ ಬೇಕು ಎಂಬುದು ನಮ್ಮ ಕಸುಬಿನ ಸಾಮಾನ್ಯ ಅಂದಾಜು. ಖರೀದಿಗೆ ಠರಾವು ಮಾಡುವ ದಿನವೇ ಈ ಹಣ ಎಲ್ಲಿಂದ ಎಂದು ಬರೆಯಬೇಕು. ಟ್ರ್ಯಾಕ್ಟರ್ ತಂದ ರೈತ ಡೀಸೆಲ್ಲಿಗೆ ಬೇರೆ ಯೋಜನೆ ಬರಲಿ ಎಂದು ಕಾಯುತ್ತಾನಾ?

'ಹೊಸದು ಬೇಕು' ಎಂದು ಯಾರಾದರೂ ಕೇಳಿದಾಗ ಹಳೆಯದರ ಪುಟ ತರಿಸಿ. ಎಷ್ಟು ಸಲ ಕೆಟ್ಟಿತು, ಎಷ್ಟು ಖರ್ಚಾಯಿತು, ಬಿಡಿಭಾಗ ಇನ್ನೂ ಸಿಗುತ್ತದೆಯೇ. ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆ ದಾಟುತ್ತಿದ್ದರೆ ನಾನೇ ಹೇಳುತ್ತೇನೆ, ಬಿಟ್ಟುಬಿಡಿ, ಹೊಸದು ತನ್ನಿ. ಆದರೆ ಬಿಡುವುದಕ್ಕೂ ಕಾಗದ ಬೇಕು. ಎಷ್ಟೋ ಆಸ್ಪತ್ರೆಗಳ ಒಂದೊಂದು ಕೋಣೆ ಸತ್ತ ಮಷೀನುಗಳಿಂದ ತುಂಬಿದೆ. ಯಾವಾಗ ಬಂದದ್ದು, ಎಷ್ಟು ಬೆಲೆಯದ್ದು ಗೊತ್ತಿಲ್ಲದ್ದರಿಂದ ಕಂಡಮ್ ಮಾಡಲು, ಅಂದರೆ ಇನ್ನು ಬಳಕೆಗೆ ಬಾರದು ಎಂದು ತೆಗೆದುಹಾಕಲು, ಯಾರೂ ಸಹಿ ಹಾಕುವುದಿಲ್ಲ. ಅತ್ತ ರೋಗಿಗೆ ಮಂಚ ಇಲ್ಲ, ಇತ್ತ ಒಂದು ಕೋಣೆ ಗುಜರಿ.

ಕಂಪ್ಯೂಟರ್, ಆ್ಯಪ್, ಸ್ಕ್ಯಾನ್ ಮಾಡುವ ಚೀಟಿ ಎಲ್ಲ ಬರಲಿ, ಬೇಡ ಅನ್ನುವುದಿಲ್ಲ. ದೊಡ್ಡ ಆಸ್ಪತ್ರೆಗೆ ಅದೇ ಸರಿ. ತಾಲ್ಲೂಕಿನಲ್ಲಿ ಮಾತ್ರ ಸಾಫ್ಟ್‌ವೇರ್ ಬರುವವರೆಗೆ ಕಾಯಬೇಡಿ. ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ರಜೆ ಹಾಕಿದರೆ ಕತೆ ಮುಗಿಯಿತು. ಗಟ್ಟಿ ರಟ್ಟಿನ ಒಂದು ರಿಜಿಸ್ಟರ್, ದಾರ ಕಟ್ಟಿದ ಒಂದು ಪೆನ್ನು. ದಾರ ಮರೆಯಬೇಡಿ.

ನನ್ನ ಬೇಡಿಕೆ ಇಷ್ಟು. ಮುಂದಿನ ಸಭೆಯಲ್ಲಿ ಜೀವಕ್ಕೆ ಬೇಕಾದ ಆ 10 ಮಷೀನುಗಳ ಪಟ್ಟಿ ಮಾಡಿಸಿ, ಪ್ರತಿಯೊಂದಕ್ಕೂ ಪುಟ ತೆರೆಸಿ. ಬರೆದವರಿಗೆ ಶಿಕ್ಷೆ ಇಲ್ಲ ಎಂದು ಠರಾವು ಮಾಡಿ. ಆಮೇಲೆ ಪ್ರತಿ ಸಭೆಯಲ್ಲೂ ಬಣ್ಣ, ಬೋರ್‌ವೆಲ್ ಮಾತಿಗಿಂತ ಮೊದಲು 10 ನಿಮಿಷ ಆ ರಿಜಿಸ್ಟರ್ ಓದಿಸಿ. ಯಾವ ಮಷೀನ್ ಎಷ್ಟು ದಿನ ಬಂದ್ ಇತ್ತು ಎಂದು ಆಸ್ಪತ್ರೆ ಬಾಗಿಲಲ್ಲಿ ಕರಿಹಲಗೆಯ ಮೇಲೆ ಬರೆಸಿ. ಕೇಳದೇ ಮಾಹಿತಿ ಕೊಡಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ಚಿಂಚೋಳಿ ಕಡೆಯ ತಾಂಡಾದಿಂದ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಬಂದವಳಿಗೆ 'ಎಕ್ಸ್‌ರೇ ಬಂದ್ ಅದ, ಹೊರಗ ಮಾಡ್ಸ್ರಿ' ಎಂದು ಕಿಟಕಿಯಲ್ಲಿ ಹೇಳುವಾಗ, ಯಾವಾಗ ಸರಿಹೋಗುತ್ತದೆ ಎಂದಾದರೂ ಆಕೆಗೆ ಗೊತ್ತಾಗಲಿ.

ಶುರು ಮಾಡಲು ಯಾವುದಾದರೂ ಸಮಿತಿಗೆ ನನ್ನ ಸಹಾಯ ಬೇಕಿದ್ದರೆ ಶನಿವಾರ ಮಧ್ಯಾಹ್ನ ಬಿಡುವಾಗಿರುತ್ತೇನೆ. ಹಣ ಬೇಡ. ನನ್ನ ಡೈರಿಗಳಲ್ಲಿ ನಿಮ್ಮ ಆಸ್ಪತ್ರೆಯ ಸಾಲುಗಳಿದ್ದರೆ ಅವನ್ನೂ ನಕಲು ಮಾಡಿ ಕೊಡುತ್ತೇನೆ. ಆ ವಾರ್ಮರ್‌ನ ಆಸ್ಪತ್ರೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಅವತ್ತು ನಾನು ಹಾಕಿ ಬಂದ ಪ್ರೋಬ್ ಹಳೆಯದು, ಬಹಳ ದಿನ ಬಾಳುವುದಿಲ್ಲ. ಹೊಸದು ತರಿಸಿಕೊಳ್ಳಿ. ಈ ಸಲ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಇಂತಿ ನಿಮ್ಮವ,
ಒಬ್ಬ ಮಷೀನ್ ರಿಪೇರಿಯವನು
ಕಲಬುರಗಿ